ಮನೆಯೊಳಗೆ ಬದನೆ ಸಸಿ ಮಾಡುವ ವಿಧಾನ



ಮನೆಯೊಳಗೆ ತರಕಾರಿ ಬೀಜ ಬಿತ್ತುವುದು ಅಂದರೆ ಅದು ಚಳಿ ದೇಶದವರ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲಿ ಮಾರ್ಚ್ ತಿಂಗಳಲ್ಲೂ ಹೊರಗೆ ಹಿಮ ಬೀಳುತ್ತದೆ. ಅದಕ್ಕೇ ಅವರು ಟೊಮೆಟೊ, ಮೆಣಸಿನ ಬೀಜವನ್ನು ಕಿಟಕಿ ಪಕ್ಕ ಬಿತ್ತಿ, ಚಳಿ ಹೋದ ಮೇಲೆ ಸಸಿ ಹೊರಗೆ ನೆಡುತ್ತಾರೆ. ನಮ್ಮ ಮಲೆನಾಡಿನಲ್ಲಿ ಹಿಮ ಇಲ್ಲ, ಆದರೆ ಮಳೆ ಇದೆಯಲ್ಲ! ಅವರು ಚಳಿಗೆ ಹೆದರಿ ಒಳಗೆ ಬಿತ್ತಿದರೆ ನಾವು ಮಳೆಗೆ ಹೆದರಿ ಒಳಗೆ ಬಿತ್ತಬೇಕು. ವ್ಯತ್ಯಾಸ ಅಷ್ಟೆ.

ಬದನೆ, ಮೆಣಸು, ಟೊಮೆಟೊ ಈ ಮೂರನ್ನೂ ನಮ್ಮ ಕಡೆ ಮಳೆ ಕಡಿಮೆ ಆದ ಮೇಲೆ, ಅಂದರೆ ಉತ್ತರೆ ಮಳೆಯ ಕೊನೆಗೆ ಅಥವಾ ಹಸ್ತ ಮಳೆಯಲ್ಲಿ ನೆಟ್ಟರೆ ಒಳ್ಳೆಯದು. ನೆಡುವಾಗ ಸಸಿಗೆ ಮೂವತ್ತರಿಂದ ನಲವತ್ತು ದಿನ ಆಗಿರಬೇಕು. ಹಿಂದಕ್ಕೆ ಲೆಕ್ಕ ಹಾಕಿ ನೋಡಿ, ಬೀಜ ಬಿತ್ತುವ ದಿನ ಸರಿಯಾಗಿ ಮಖೆ ಮಳೆಯಲ್ಲಿ, ಆಗಸ್ಟ್ ಎರಡನೇ ಭಾಗದಲ್ಲಿ ಬಂದು ಕೂರುತ್ತದೆ. ಆಗ ಅಂಗಳದಲ್ಲಿ ಮಡಿ ಮಾಡಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಒಂದು ಜೋರು ಮಳೆಗೆ ಬೀಜ ತೇಲಿ ಹೋಗುತ್ತದೆ. ಉಳಿದದ್ದನ್ನು ಇರುವೆ ಹೊರುತ್ತದೆ, ಮೊಳಕೆ ಬಂದದ್ದನ್ನು ಬಸವನಹುಳ ಮೇಯುತ್ತದೆ, ಅದೂ ತಪ್ಪಿದ್ದು ಬುಡ ಕೊಳೆತು ಬೀಳುತ್ತದೆ. ಮುಷ್ಟಿ ತುಂಬ ಬೀಜ ಇದ್ದವರು "ಹೋದರೆ ಹೋಗಲಿ, ಉಳಿದದ್ದು ನಮ್ಮದು" ಅಂತ ಚೆಲ್ಲಬಹುದು. ನಮ್ಮ ಮನೆಯಲ್ಲಿ 2025ರಲ್ಲಿ ಹಾಗೆ ಮಾಡೋ ಸ್ಥಿತಿ ಇರಲಿಲ್ಲ.

ನಮ್ಮ ಅಜ್ಜಿ ಹತ್ತಿರ ಒಂದು ಬದನೆ ಜಾತಿ ಇದೆ. ಹೆಸರು ಇಲ್ಲ, ಊರ ಬದನೆ ಅಂತಾಳೆ. ದುಂಡಗೆ, ಹಸಿರು ಮೈ, ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ಕೆಂಡದಲ್ಲಿ ಸುಟ್ಟು ಗೊಜ್ಜು ಮಾಡಿದರೆ ಅದರ ರುಚಿಯೇ ಬೇರೆ. ಅಜ್ಜಿ ಮದುವೆಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ಬೀಜವಂತೆ. 2023ರಲ್ಲೂ 2024ರಲ್ಲೂ ಸೊರಗು ರೋಗ ಬಂದು, ಬೀಜಕ್ಕೆ ಬಿಟ್ಟ ಕಾಯಿ ಹಣ್ಣಾಗುವ ಮೊದಲೇ ಗಿಡ ಒಣಗಿಹೋಯಿತು. ಉಳಿದದ್ದು 2022ರ ಬೀಜ. ಬೂದಿ ಬೆರೆಸಿ ಸಣ್ಣ ಬಾಟಲಿಯಲ್ಲಿ ಇಟ್ಟಿದ್ದಳು. ಸುರಿದು ಎಣಿಸಿದರೆ ನಲವತ್ತಮೂರು! ಅಜ್ಜಿಗೆ ಈಗ ಕಣ್ಣು ಮಂಜು, ಸಣ್ಣ ಬೀಜ ಕಾಣೋದಿಲ್ಲ. "ನೀನೇ ಮಾಡು" ಅಂದಳು.

ಮೊದಲು ಬಂದ ಪ್ರಶ್ನೆ ಬೀಜಕ್ಕೆ ಜೀವ ಇದೆಯೋ ಇಲ್ಲವೋ ಎಂಬುದು. ಈರುಳ್ಳಿ ಬೀಜ ಒಂದು ವರ್ಷ ಕಳೆದರೆ ನಂಬಿಕೆಗೆ ಅರ್ಹವಲ್ಲ. ಬದನೆ, ಟೊಮೆಟೊ ಬೀಜಗಳು ಚೆನ್ನಾಗಿ ಒಣಗಿಸಿ ತೇವ ತಾಗದಂತೆ ಇಟ್ಟರೆ ನಾಲ್ಕು ವರ್ಷದವರೆಗೂ ಮೊಳೆಯುತ್ತವೆ. ನೀರಿಗೆ ಹಾಕಿ ಮುಳುಗಿದ್ದು ಗಟ್ಟಿ, ತೇಲಿದ್ದು ಜಳ್ಳು ಅಂತ ಭತ್ತಕ್ಕೆ ಮಾಡುತ್ತೇವಲ್ಲ, ಆ ಪರೀಕ್ಷೆ ಒಣಗಿದ ಬದನೆ ಬೀಜಕ್ಕೆ ನಡೆಯೋದಿಲ್ಲ. ಅದು ಹಗುರ, ಚೆನ್ನಾಗಿದ್ದದ್ದೂ ತೇಲುತ್ತದೆ. ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಕಟ್ಟಿ ಎಷ್ಟು ಮೊಳೆಯುತ್ತೆ ಅಂತ ಎಣಿಸುವುದೇ ಸರಿಯಾದ ವಿಧಾನ. ಆದರೆ ಇರುವುದೇ ನಲವತ್ತಮೂರು ಇದ್ದಾಗ ಹತ್ತನ್ನು ಪರೀಕ್ಷೆಗೆ ಯಾರು ಕೊಡುತ್ತಾರೆ? ಅದಕ್ಕೆ ಒಂದು ಉಪಾಯ ಇದೆ. ಅಷ್ಟನ್ನೂ ಬಟ್ಟೆಯಲ್ಲೇ ಮೊಳಕೆ ಬರಿಸಿ, ಮೊಳೆತದ್ದನ್ನು ಒಂದೊಂದಾಗಿ ಮಣ್ಣಿಗೆ ಇಡುವುದು. ಪರೀಕ್ಷೆಯೂ ಆಯಿತು, ಬಿತ್ತನೆಯೂ ಆಯಿತು.

ಬೀಜ ಮೊಳೆಯಲು ಬೇಕಾದದ್ದು ಮೂರು: ನೀರು, ಗಾಳಿ, ಬಿಸಿ. ನೀರು ಕುಡಿದ ಬೀಜ ಊದಿಕೊಳ್ಳುತ್ತದೆ. ಆಗ ಅದರೊಳಗಿನ ಕಿಣ್ವಗಳು ಎಚ್ಚರವಾಗಿ, ಕೂಡಿಟ್ಟ ಆಹಾರವನ್ನು ಕರಗಿಸಿ ಮೊಳಕೆಗೆ ಕೊಡುತ್ತವೆ. ಇದಕ್ಕೆ ಆಮ್ಲಜನಕ ಬೇಕು. ಹಾಗಾಗಿ ಬೀಜವನ್ನು ಒಂದು ರಾತ್ರಿಗಿಂತ ಹೆಚ್ಚು ನೀರಿನಲ್ಲಿ ಮುಳುಗಿಸಿ ಇಟ್ಟರೆ ಅದು ಉಸಿರುಕಟ್ಟಿ ಸಾಯುತ್ತದೆ. ಬಟ್ಟೆ ಹಿಂಡಿದಷ್ಟೇ ಒದ್ದೆ ಇರಬೇಕು.

ಮೂರನೆಯದು ಬಿಸಿ. ಇದನ್ನೇ ನಮ್ಮವರು ಮರೆಯುವುದು. ಬದನೆ ಮತ್ತು ಮೆಣಸು ಬಿಸಿಲು ನಾಡಿನ ಗಿಡಗಳು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಸಿಕ್ಕಿದರೆ ಬದನೆ ಒಂದು ವಾರದಿಂದ ಹತ್ತು ದಿನದೊಳಗೆ ಮೊಳೆಯುತ್ತದೆ, ಮೆಣಸು ಇನ್ನೂ ಕೆಲವು ದಿನ ಜಾಸ್ತಿ ತೆಗೆದುಕೊಳ್ಳುತ್ತದೆ. ಥಂಡಿ ಇದ್ದರೆ ಬೀಜ ಸುಮ್ಮನೆ ಮಲಗಿರುತ್ತದೆ, ಕಾಯುತ್ತಾ ಕಾಯುತ್ತಾ ಕೊಳೆಯುತ್ತದೆ. ವಿಜ್ಞಾನ ಮೇಷ್ಟ್ರು ಪ್ರಯೋಗಾಲಯದ ಥರ್ಮಾಮೀಟರನ್ನು ನಾಲ್ಕು ದಿನಕ್ಕೆ ಕೊಟ್ಟಿದ್ದರು. ನಮ್ಮ ಜಗಲಿಯಲ್ಲಿ ಬೆಳಿಗ್ಗೆ 21 ಡಿಗ್ರಿ. ಇಡೀ ಮನೆಯಲ್ಲಿ ಬೆಚ್ಚಗಿನ ಜಾಗ ಹುಡುಕಿದಾಗ ಸಿಕ್ಕಿದ್ದು ಬಚ್ಚಲಮನೆ! ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಇಟ್ಟರೆ ಮಳೆಗಾಲ ಪೂರ್ತಿ ಅದು ಆರುವುದೇ ಇಲ್ಲ. ಒಲೆಯ ಪಕ್ಕದ ಕಟ್ಟೆ ಮೇಲೆ ಹಗಲು 29, ಬೆಳಗಿನ ಜಾವ 26. ದುಡ್ಡು ಕೊಟ್ಟರೂ ಇಂಥ ಯಂತ್ರ ಸಿಗೋದಿಲ್ಲ. ಥರ್ಮಾಮೀಟರ್ ಇಲ್ಲದವರು ಆ ಜಾಗದ ಮೇಲೆ ಅಂಗೈ ಇಟ್ಟು ನೂರು ಎಣಿಸಿ. ಕೈಗೆ ಹಿತವಾಗಿದ್ದರೆ ಬೀಜಕ್ಕೂ ಹಿತ. ಚುರುಕು ಅನಿಸಿದರೆ ಬೀಜ ಬೆಂದುಹೋಗುತ್ತದೆ, ಸ್ವಲ್ಪ ದೂರ ಸರಿಸಿ.

ಹಳೇ ಬಿಳಿ ಪಂಚೆಯ ತುಂಡಿನಲ್ಲಿ ಬೀಜ ಹರಡಿ, ಮಡಚಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟು, ಮುಚ್ಚಳ ಸ್ವಲ್ಪ ಓರೆ ಮಾಡಿ ಅಲ್ಲಿಟ್ಟೆ. ದಿನಾ ಬೆಳಿಗ್ಗೆ ಬಿಚ್ಚಿ ನೋಡುವುದು. ಐದು ದಿನ ಏನೂ ಇಲ್ಲ. ಆರನೇ ದಿನ ಮೂರು ಬೀಜಕ್ಕೆ ಬಿಳಿ ಬಾಲ. ಅಜ್ಜಿಗೆ ತೋರಿಸಲು ಹೋದರೆ ಕಾಣಲಿಲ್ಲ, ಬೆರಳ ತುದಿಯಲ್ಲಿ ಮುಟ್ಟಿ "ಹೌದು" ಅಂದಳು. ಹದಿಮೂರನೇ ದಿನದ ಹೊತ್ತಿಗೆ ಒಟ್ಟು ಮೂವತ್ತನಾಲ್ಕು ಮೊಳೆತವು. ಉಳಿದ ಒಂಬತ್ತು ಮೆತ್ತಗಾದವು. ಮೂರು ವರ್ಷದ ಬೀಜಕ್ಕೆ ಇದು ಒಳ್ಳೆಯ ಫಲಿತಾಂಶ ಅಂತ ನನ್ನ ಅಭಿಪ್ರಾಯ.

ಈ ಮಧ್ಯೆ ಮಣ್ಣು ತಯಾರು ಮಾಡಿಟ್ಟುಕೊಳ್ಳಬೇಕು. ತೋಟದ ಮಣ್ಣನ್ನು ಹಾಗೇ ತುಂಬಬಾರದು. ಅದರಲ್ಲಿ ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳು ಇರುತ್ತವೆ. ಪೈಥಿಯಂ, ರೈಜೋಕ್ಟೋನಿಯ ಅಂತ ಅವುಗಳ ಹೆಸರು. ನಿನ್ನೆ ನೆಟ್ಟಗೆ ನಿಂತಿದ್ದ ಸಸಿ ಇವತ್ತು ಮಣ್ಣಿನ ಮಟ್ಟದಲ್ಲಿ ಸೊಂಟ ಮುರಿದವರಂತೆ ಮಲಗಿದ್ದರೆ ಅದು ಇವುಗಳ ಕೆಲಸ. ಬಿದ್ದ ಮೇಲೆ ಔಷಧಿ ಹಾಕಿ ಪ್ರಯೋಜನ ಇಲ್ಲ, ಆ ಸಸಿ ಏಳೋದಿಲ್ಲ. ಬೇಸಿಗೆಯಲ್ಲಾದರೆ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಐದಾರು ವಾರ ಬಿಸಿಲಿಗೆ ಬಿಟ್ಟರೆ ರೋಗಾಣುಗಳು ಬಹಳಷ್ಟು ಸಾಯುತ್ತವೆ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ನಮ್ಮ ಹಿರಿಯರು ಸುಡುಮಣ್ಣು ಮಾಡುತ್ತಿದ್ದುದು ನೆನಪಿಸಿಕೊಳ್ಳಿ. ದರಕು, ಸೊಪ್ಪು, ಮಣ್ಣು ಪದರ ಪದರವಾಗಿ ಹಾಕಿ ಬೆಂಕಿ ಕೊಡುವುದು. ಅದೂ ಇಲ್ಲದಿದ್ದರೆ ಒಂದು ಬಕೆಟ್ ಮಣ್ಣಿಗೆ ಕುದಿಯುವ ನೀರು ಸುರಿದು, ಗೋಣಿ ಮುಚ್ಚಿ, ಆರಿದ ಮೇಲೆ ಹರಡಿ ಒಣಗಿಸಿ. ನಾನು ಮಾಡಿದ್ದು ಇದನ್ನೇ. ಆಮೇಲೆ ಅದಕ್ಕೆ ಸಮ ಪ್ರಮಾಣದಲ್ಲಿ ಹೊಳೆ ಮರಳು ಮತ್ತು ಜರಡಿ ಹಿಡಿದ ಹಳೇ ಗೊಬ್ಬರ ಸೇರಿಸಿದೆ. ಗೊಬ್ಬರ ಹಳೆಯದಾಗಿರಬೇಕು, ಮೂಸಿ ನೋಡಿದರೆ ಸಗಣಿ ವಾಸನೆ ಬಾರದೆ ಕಾಡಿನ ಮಣ್ಣಿನ ವಾಸನೆ ಬರಬೇಕು. ಕೆಲವರು ಬೂದಿಯನ್ನು ಬೊಗಸೆ ಬೊಗಸೆ ಸುರಿಯುತ್ತಾರೆ. ಬೂದಿ ಕ್ಷಾರ, ಸಣ್ಣ ಬೇರಿಗೆ ಅಷ್ಟು ಆಗೋದಿಲ್ಲ.

ನರ್ಸರಿಯವರು 98 ಗುಳಿಗಳಿರುವ ಕಪ್ಪು ಪ್ಲಾಸ್ಟಿಕ್ ತಟ್ಟೆಯಲ್ಲಿ, ತೆಂಗಿನ ನಾರಿನ ಪುಡಿ ತುಂಬಿ ಸಸಿ ಮಾಡುತ್ತಾರೆ. ಅದು ಒಳ್ಳೆಯ ವಿಧಾನವೇ. ಮನೆಯಲ್ಲಿ ಮೂವತ್ತು ಸಸಿಗೆ ಅಷ್ಟೆಲ್ಲ ಯಾಕೆ? ಅಡಿಕೆ ಹಾಳೆಯ ತುಂಡನ್ನು ಸುರುಳಿ ಸುತ್ತಿ ಬಾಳೆ ನಾರಿನಲ್ಲಿ ಕಟ್ಟಿದರೆ ಕೊಟ್ಟೆ ತಯಾರು. ದಿನಪತ್ರಿಕೆಯನ್ನು ಲೋಟದ ಸುತ್ತ ಸುತ್ತಿ ತಳ ಮಡಚಿದರೂ ಆಗುತ್ತೆ, ಆದರೆ ನಮ್ಮ ಮಳೆಗಾಲದ ತೇವಕ್ಕೆ ಕಾಗದ ಎರಡೇ ವಾರದಲ್ಲಿ ಹರಿಯುತ್ತದೆ. ತೆಂಗಿನ ಚಿಪ್ಪಿಗೆ ತಳದಲ್ಲಿ ತೂತು ಕೊರೆದರೆ ಸರಿ, ತೂತಿಲ್ಲದ ಚಿಪ್ಪು ಬೇಡ. (ಕೊಟ್ಟೆ ಕಟ್ಟುವ ಕ್ರಮವನ್ನು ಎಡಗಡೆ ಚಿತ್ರದಲ್ಲಿ ತೋರಿಸಿದೆ. ಚಿತ್ರ ಬರೆದವನು ನನ್ನ ಬೆಂಚಿನ ಗೆಳೆಯ.)

ಮೊಳಕೆ ಅಕ್ಕಿಕಾಳಿನ ಅರ್ಧದಷ್ಟು ಉದ್ದ ಇರುವಾಗಲೇ ಮಣ್ಣಿಗೆ ಹೋಗಬೇಕು. ತಡವಾದರೆ ಬೇರು ಬಟ್ಟೆಯ ನೂಲಿನೊಳಗೆ ಹೊಕ್ಕು, ಎತ್ತುವಾಗ ಮುರಿಯುತ್ತದೆ. ಬೆರಳಿನಲ್ಲಿ ಹಿಡಿಯಬಾರದು. ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯನ್ನು ಒದ್ದೆ ಮಾಡಿ ಮುಟ್ಟಿಸಿದರೆ ಬೀಜ ಅದಕ್ಕೇ ಅಂಟಿಕೊಂಡು ಬರುತ್ತದೆ. ಕೊಟ್ಟೆಯ ಮಣ್ಣಿನಲ್ಲಿ ಅರ್ಧ ಸೆಂಟಿಮೀಟರ್ ಗುಳಿ, ಬೇರು ಕೆಳಮುಖ, ಮೇಲೆ ಚಿಟಿಕೆ ಮರಳು. ಅಷ್ಟೇ. ಎರಡು ಮೂರು ದಿನದಲ್ಲಿ ಬಗ್ಗಿದ ಕತ್ತು ಮೇಲೆ ಬರುತ್ತದೆ, ಆಮೇಲೆ ಎರಡು ಬೀಜದಳ ಬಿಚ್ಚಿಕೊಳ್ಳುತ್ತವೆ.

ಕತ್ತು ಕಂಡ ದಿನವೇ ಬಚ್ಚಲಮನೆಯ ಸಹವಾಸ ಮುಗಿಯಿತು. ಇದು ಬಹಳ ಮುಖ್ಯ. ಮೊಳೆಯುವವರೆಗೆ ಬಿಸಿ ಬೇಕು, ಮೊಳೆತ ಮೇಲೆ ಬೆಳಕು ಬೇಕು. ಕತ್ತಲಲ್ಲಿ ಬಿಟ್ಟರೆ ಸಸಿ ಒಂದೇ ರಾತ್ರಿಗೆ ದಾರದ ಹಾಗೆ ಉದ್ದವಾಗುತ್ತದೆ. "ಎಷ್ಟು ಬೇಗ ಬೆಳೀತು" ಅಂತ ಖುಷಿಪಡಬೇಡಿ. ಬೀಜದಲ್ಲಿದ್ದ ಗಂಟನ್ನೆಲ್ಲ ಖರ್ಚು ಮಾಡಿ ಬೆಳಕು ಹುಡುಕಿಕೊಂಡು ಓಡುತ್ತಾ ಇದೆ ಅಂತ ಅರ್ಥ. ಅಂಥ ಸಸಿ ಮುಂದೆ ಗಾಳಿಗೆ ನಿಲ್ಲೋದಿಲ್ಲ.

ಸಸಿ ಬೆಳಕಿನ ಕಡೆಗೇ ಬಾಗುವುದು ಯಾಕೆ ಅಂತ ಪಾಠದಲ್ಲಿ ಓದಿದ್ದೇವೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ ಇಬ್ಬರೂ ಸೇರಿ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ತೂರದ ಪುಟ್ಟ ಟೋಪಿ ಹಾಕಿ ನೋಡಿದರು. ಟೋಪಿ ಹಾಕಿದ ಮೊಳಕೆ ಬಾಗಲಿಲ್ಲ! ಅಂದರೆ ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಇದನ್ನು ಅವರು 1880ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತುದಿಯಿಂದ ಕೆಳಗೆ ಹರಿಯುವ ವಸ್ತುವಿಗೆ ಆಕ್ಸಿನ್ ಎಂದು ಹೆಸರು ಬಂದದ್ದು ಆಮೇಲೆ. ನೆರಳಿನ ಬದಿಗೆ ಆಕ್ಸಿನ್ ಹೆಚ್ಚು ಸೇರಿ ಆ ಬದಿಯ ಕೋಶಗಳು ಉದ್ದವಾಗುತ್ತವೆ, ಗಿಡ ಬೆಳಕಿನ ಕಡೆ ವಾಲುತ್ತದೆ. ಅಲಸಂದೆ ಬೀಜ ಬಿತ್ತಿ, ಒಂದು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಮುಚ್ಚಿ ನೀವೂ ನೋಡಬಹುದು.

ನಮ್ಮ ಹೆಂಚಿನ ಮನೆಗಳಲ್ಲಿ ಸೂರು ಇಳಿದಿರುತ್ತೆ, ಕಿಟಕಿ ಚಿಕ್ಕದು, ಮಳೆಗಾಲದಲ್ಲಿ ಮಧ್ಯಾಹ್ನಕ್ಕೇ ಮುಸ್ಸಂಜೆ. ಗಾಜಿನ ಹೆಂಚಿನ ಕೆಳಗೆ ಇಟ್ಟರೆ ಸಾಕಲ್ಲ ಅಂತ ಅಪ್ಪ ಹೇಳಿದರು. ಆದರೆ ಅಲ್ಲಿ ಬೆಳಕು ಒಂದು ತುಂಡು ಬೀಳುತ್ತದೆ, ಗಂಟೆಗೊಂದು ಕಡೆ ಸರಿಯುತ್ತದೆ. ನಾನು ಜಗಲಿಯ ಹೊರ ಅಂಚಿನಲ್ಲಿ, ಎರಚಲು ತಾಗದಷ್ಟು ಒಳಗೆ, ಬೆಂಚಿನ ಮೇಲೆ ಇಟ್ಟೆ. ಹಿಂದೆ ಗೋಡೆಗೆ ಒಂದು ಬಿಳಿ ಬಟ್ಟೆ ಕಟ್ಟಿದೆ, ಅದು ಬೆಳಕನ್ನು ವಾಪಸ್ ಸಸಿಗೆ ಕೊಡುತ್ತದೆ. ದಿನಾ ಬೆಳಿಗ್ಗೆ ಕೊಟ್ಟೆಗಳನ್ನು ಅರ್ಧ ಸುತ್ತು ತಿರುಗಿಸಬೇಕು, ಆಗ ಸಸಿ ನೆಟ್ಟಗಿರುತ್ತದೆ. ಬೆಂಚಿನ ನಾಲ್ಕು ಕಾಲಿಗೂ ಬೆಲ್ಲದ ಡಬ್ಬಿಗೆ ಮಾಡುವ ಹಾಗೆ ನೀರಿನ ಬಟ್ಟಲು ಇಟ್ಟದ್ದರಿಂದ ಇರುವೆ ಹತ್ತಲಿಲ್ಲ. ಇಷ್ಟಾದರೂ ಬಸವನಹುಳವೊಂದು ಗೋಡೆಯ ಕಡೆಯಿಂದ ಬಟ್ಟೆ ಹಿಡಿದು ಇಳಿದು ಒಂದೇ ರಾತ್ರಿ ಮೂರು ಸಸಿ ಮೇಯ್ದು ಹೋಯಿತು. ಮಾರನೇ ದಿನದಿಂದ ಅಜ್ಜಿ ಸಂಜೆ ಆದ ಕೂಡಲೇ ಬಟ್ಟೆ ಬಿಚ್ಚಿಸುತ್ತಿದ್ದಳು.

ನೀರಿನ ವಿಷಯ. ನನ್ನ ಲೆಕ್ಕದಲ್ಲಿ ಸಸಿ ಸಾಯುವುದು ಬಾಯಾರಿಕೆಯಿಂದ ಕಡಿಮೆ, ಪ್ರೀತಿಯಿಂದ ಜಾಸ್ತಿ. ಹೋಗುತ್ತಾ ಒಬ್ಬರು, ಬರುತ್ತಾ ಒಬ್ಬರು ಚೊಂಬಿನಲ್ಲಿ ಸುರಿಯುತ್ತಾರೆ. ಮೇಲಿಂದ ಸುರಿದ ನೀರು ಮಣ್ಣನ್ನು ಕಾಂಡಕ್ಕೆ ಸಿಡಿಸುತ್ತದೆ, ಬುಡ ಸದಾ ಒದ್ದೆ ಇರುತ್ತದೆ, ಆ ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಒಂದು ಅಗಲ ತಟ್ಟೆಯಲ್ಲಿ ಬೆರಳು ದಪ್ಪ ನೀರು ಹಾಕಿ ಕೊಟ್ಟೆಗಳನ್ನು ಅದರಲ್ಲಿ ನಿಲ್ಲಿಸಿ. ಮಣ್ಣು ಕೆಳಗಿನಿಂದ ಹೀರಿಕೊಂಡು ಮೇಲೆ ಬಣ್ಣ ಕಪ್ಪಾದ ಕೂಡಲೇ ಎತ್ತಿಬಿಡಿ. ಮತ್ತೆ ನೀರು ಯಾವಾಗ ಅಂದರೆ, ಕೊಟ್ಟೆ ಎತ್ತಿ ನೋಡಿ ಹಗುರ ಅನಿಸಿದಾಗ. ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಸಾಕಾಯಿತು. ಬೆಳಿಗ್ಗೆ ಹೊತ್ತೇ ಕೊಡಬೇಕು, ಸಂಜೆ ಬೇಡ. ನಡುವೆ ಒಂದು ದಿನ ಮಂಗಗಳು ಹೆಂಚು ಸರಿಸಿ, ರಾತ್ರಿಯೆಲ್ಲ ಒಂದು ಮೂಲೆಗೆ ಮಳೆ ಸೋರಿತು. ಆ ಮೂಲೆಯ ಎರಡು ಸಸಿ ನಾಲ್ಕನೇ ದಿನ ಬುಡ ಕೊಳೆತು ಮಲಗಿದವು. ಅವೆರಡನ್ನೂ ಮಣ್ಣು ಸಮೇತ ದೂರ ಎಸೆದು, ಉಳಿದವನ್ನು ಗಾಳಿ ಆಡುವಂತೆ ಅಗಲಕ್ಕೆ ಇಟ್ಟ ಮೇಲೆ ರೋಗ ಹರಡಲಿಲ್ಲ. ಮೂವತ್ತನಾಲ್ಕರಲ್ಲಿ ಐದು ಹೋಗಿ ಇಪ್ಪತ್ತೊಂಬತ್ತು ಉಳಿದವು.

ಮೊದಲು ಬರುವ ಎರಡು ಎಲೆ ನಿಜವಾದ ಎಲೆ ಅಲ್ಲ, ಬೀಜದಳ. ಆಮೇಲೆ ಬರುವುದು ಬದನೆಯ ಎಲೆ. ಎರಡು ನಿಜವಾದ ಎಲೆ ಬಂದ ಮೇಲೆ ಒಂದು ಲೋಟ ಗೋಮೂತ್ರಕ್ಕೆ ಇಪ್ಪತ್ತು ಲೋಟ ನೀರು ಬೆರೆಸಿ ವಾರಕ್ಕೊಮ್ಮೆ ಕೊಟ್ಟರೆ ಸಾಕು. ಯಾರಾದರೂ ಒಂದೇ ಕುಂಡದಲ್ಲಿ ಹತ್ತಾರು ಬೀಜ ಬಿತ್ತಿದ್ದರೆ ಈ ಹೊತ್ತಿಗೆ ಬಿಡಿಸಿ ಬೇರೆ ಬೇರೆ ಮಾಡಬೇಕು. ಆಗ ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಎಲೆ ಹೋದರೆ ಇನ್ನೊಂದು ಬರುತ್ತೆ, ಕಾಂಡ ಇರುವುದು ಒಂದೇ. ಇನ್ನೊಂದು ಸಂಗತಿ ನನಗೆ ಬಹಳ ಆಶ್ಚರ್ಯ ಆದದ್ದು. ಅಜ್ಜಿ ದಿನಾ ಸಸಿಗಳ ತಲೆ ಮೇಲೆ ಕರುವಿನ ಮೈ ಸವರಿದಂತೆ ಅಂಗೈ ಆಡಿಸುತ್ತಿದ್ದಳು. ಕಣ್ಣು ಕಾಣದ್ದಕ್ಕೆ ಮುಟ್ಟಿ ನೋಡ್ತಾಳೆ ಅಂದುಕೊಂಡಿದ್ದೆ. ಹಾಗೆ ಮೆಲ್ಲಗೆ ಅಲುಗಾಡಿಸಿದ ಸಸಿ ಗಿಡ್ಡಗೆ, ದಪ್ಪ ಕಾಂಡದ್ದಾಗಿ ಬೆಳೆಯುತ್ತದೆ ಎಂದು ವಿಜ್ಞಾನಿಗಳೂ ಕಂಡುಕೊಂಡಿದ್ದಾರೆ ಅಂತ ಮೇಷ್ಟ್ರು ಹೇಳಿದರು. ಹೊರಗಿನ ಸಸಿಗೆ ಗಾಳಿ ಮಾಡುವ ಕೆಲಸವನ್ನು ಒಳಗೆ ಕೈ ಮಾಡುತ್ತದೆ.

ಎಲ್ಲ ಬೀಜಕ್ಕೂ ಇಷ್ಟು ಉಪಚಾರ ಬೇಡ. ಮೂಲಂಗಿ, ಕ್ಯಾರೆಟ್ ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ, ನೇರ ಮಡಿಗೇ ಬಿತ್ತಿ. ಸೌತೆ, ಹೀರೆ, ಹಾಗಲಕ್ಕೆ ಬೇರು ಅಲುಗಿದರೆ ಸಿಟ್ಟು, ಕೊಟ್ಟೆಯಲ್ಲಿ ಮಾಡಿದರೂ ಬೇರು ಅಲುಗದಂತೆ ಮಣ್ಣಿನ ಹೆಂಟೆ ಸಮೇತ ನೆಡಬೇಕು. ಪೇಟೆಯಲ್ಲಿ ಸಿಗುವ ಹೈಬ್ರಿಡ್ ಬೀಜವನ್ನೂ ಇದೇ ರೀತಿ ಬೆಳೆಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಮೂರು ರೋಗಗಳನ್ನು ತಡೆಯುತ್ತದೆ, ಸೊರಗು ರೋಗವೂ ಅದರಲ್ಲಿ ಒಂದು. ಆದರೆ ಹೈಬ್ರಿಡ್ ಗಿಡದ ಬೀಜ ತೆಗೆದು ಮತ್ತೆ ಬಿತ್ತಿದರೆ ಅದೇ ಗುಣ ಬರೋದಿಲ್ಲ. ಊರ ಬೀಜಕ್ಕೆ ಆ ತೊಂದರೆ ಇಲ್ಲ. ಉಡುಪಿಯ ಮಟ್ಟು ಗ್ರಾಮದವರು ತಮ್ಮ ಗುಳ್ಳ ಬದನೆಯ ಬೀಜವನ್ನು ತಾವೇ ಕಾಪಾಡಿಕೊಂಡು ಬಂದು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ನಮ್ಮ ಅಜ್ಜಿಯ ಬದನೆಗೆ ಹೆಸರೇ ಇಲ್ಲ, ಮಾನ್ಯತೆ ದೂರದ ಮಾತು, ಸದ್ಯ ಬೀಜ ಉಳಿದರೆ ಸಾಕು.

ನೆಡುವ ಮೊದಲು ಸಸಿಯನ್ನು ಹೊರಗಿಗೆ ಪಳಗಿಸಬೇಕು. ಜಗಲಿಯಲ್ಲಿ ಬೆಳೆದ ಎಲೆ ತೆಳು, ಒಮ್ಮೆಲೇ ಬಿಸಿಲಿಗೆ ಇಟ್ಟರೆ ಬೆಳ್ಳಗೆ ಸುಡುತ್ತದೆ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಮಾರನೇ ದಿನ ಎರಡು ಗಂಟೆ, ಹೀಗೆ ಏಳೆಂಟು ದಿನ. ಜೊತೆಗೆ ನೀರು ಸ್ವಲ್ಪ ಕಡಿಮೆ. ನನ್ನ ಸಸಿಗಳನ್ನು ಹಸ್ತ ಮಳೆಯಲ್ಲಿ, ಮೋಡ ಇದ್ದ ಒಂದು ಸಂಜೆ ನೆಟ್ಟಿದ್ದು. ಹನ್ನೆರಡು ನಮ್ಮ ಮನೆಗೆ, ಎರಡು ಥರ್ಮಾಮೀಟರ್ ಕೊಟ್ಟ ಮೇಷ್ಟ್ರ ಮನೆಗೆ, ಹದಿನೈದು ಶಾಲೆಯ ಅಡುಗೆಮನೆ ಹಿಂದಿನ ಮಡಿಗೆ.

ಶಾಲೆಗೆ ಹೆಚ್ಚು ಯಾಕೆ ಕೊಟ್ಟೆ ಅಂತ ಕೆಲವರು ಕೇಳಿದ್ದೀರಿ. ಕಾರಣ ಇದೆ. ಸೊರಗು ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಇರುತ್ತದೆ. ನಮ್ಮ ಹಿತ್ತಲಲ್ಲಿ ಅದು ಇದೆ ಅಂತ ಎರಡು ವರ್ಷ ನೋಡಿದ್ದಾಯಿತು. ಹನ್ನೆರಡನ್ನು ಹಿತ್ತಲು ಬಿಟ್ಟು ಅಂಗಳದ ಮೂಲೆಯಲ್ಲಿ ಚೀಲಗಳಲ್ಲಿ ನೆಟ್ಟಿದ್ದೇವೆ, ಆದರೂ ಧೈರ್ಯ ಸಾಲದು. ಶಾಲೆಯ ಆ ಮಡಿಯಲ್ಲಿ ಬಾಳೆ, ಬಸಳೆ ಬಿಟ್ಟರೆ ಬದನೆಯಾಗಲಿ ಅದರ ಬಂಧುಗಳಾದ ಟೊಮೆಟೊ, ಮೆಣಸು, ಆಲೂಗಡ್ಡೆಯಾಗಲಿ ಯಾವತ್ತೂ ಬೆಳೆದಿಲ್ಲ ಎಂದು ಅಡುಗೆಯವರು ಹೇಳಿದರು. ಇಡೀ ಊರಲ್ಲಿ ಈ ಬದನೆಗೆ ಈಗ ಅದೇ ನಂಬಿಕೆಯ ಜಾಗ.

ಆದ್ದರಿಂದ ಎಲ್ಲರಲ್ಲೂ ಕೆಲವು ವಿನಂತಿ. ಮನೆಯ ಹಿತ್ತಲಿನ ಮಣ್ಣು ಮೆತ್ತಿದ ಕತ್ತಿ, ಗುದ್ದಲಿ ತಂದು ಆ ಮಡಿಯಲ್ಲಿ ಕೆಲಸ ಮಾಡಬೇಡಿ, ಶಾಲೆಯದ್ದೇ ಬಳಸಿ. ಬೇರೆ ಜಾತಿ ಬದನೆ ತಂದು ಪಕ್ಕದಲ್ಲಿ ನೆಡಬೇಡಿ. ಬದನೆ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟಿದರೂ ದುಂಬಿಗಳು ಬೆರಕೆ ಮಾಡುವುದುಂಟು. ಕಾಯಿ ಬಿಡಲು ಶುರುವಾದ ಮೇಲೆ ಸಾಂಬಾರಿಗೆ ಧಾರಾಳ ಕೊಯ್ಯಿರಿ. ಆದರೆ ಒಳ್ಳೆಯ ನಾಲ್ಕು ಗಿಡ ಆರಿಸಿ, ಒಂದೊಂದರಲ್ಲಿ ಎರಡೆರಡು ಕಾಯಿಯ ತೊಟ್ಟಿಗೆ ಕೆಂಪು ದಾರ ಕಟ್ಟುತ್ತೇನೆ. ಅವು ಬಲಿತು, ಹಳದಿಯಾಗಿ, ನೋಡಲು ಕೆಟ್ಟುಹೋದಂತೆ ಕಂಡರೂ ಕೀಳಬೇಡಿ. ಪೂರ್ತಿ ಹಣ್ಣಾದ ಮೇಲೆ ಹಿಸುಕಿ ತೊಳೆದು ಬೀಜ ತೆಗೆದು, ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಇಡುವ ಕೆಲಸವನ್ನು ಅಜ್ಜಿಯೇ ಶಾಲೆಗೆ ಬಂದು ತೋರಿಸುತ್ತೇನೆ ಅಂದಿದ್ದಾಳೆ. ಆ ದಿನ ಬೀಜ ಬೇಕಾದವರು ಒಂದು ಸಣ್ಣ ಒಣ ಬಾಟಲಿ ಮತ್ತು ಹಿಡಿ ಬೂದಿ ಮನೆಯಿಂದ ತನ್ನಿ. ಹೆಸರನ್ನು ಈಗಲೇ ಬರೆಸುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಬರೆಯಿರಿ.